ಆರನೆಯ ಗಂಡಸಿನ ಅಭಿಪ್ರಾಯ

"ಒಂದರಿಂದ ಐದರೊಳಗೆ ಒಂದು ಅಂಕಿ ಹೇಳಿ ಸರ್, ಅಷ್ಟು ಸಾಕು," ಎಂದು ಅಕ್ಕ ನಾಲ್ಕನೆಯ ಸಲ ಬೇಡಿಕೊಂಡಳು.

"ಅಂಕಿ ಎಲ್ಲಿಂದ ತರ್ಲಮ್ಮಾ? ಈಗಿನ ಬದುಕು ಹೇಗಿದೆ ಅಂತ ಕೇಳಿದ್ರಿ, ಹೇಳ್ತಾ ಇದ್ದೀನಿ. ಮೊದ್ಲು ಒಬ್ರ ಮನೆಗೆ ಒಬ್ರು ಸುಮ್ನೆ ಹೋಗ್ತಿದ್ವಿ. ಈಗ ಹೋಗೋಕೆ ಮುಂಚೆ ಫೋನ್ ಮಾಡ್ಬೇಕು, ಫೋನ್ ಮಾಡೋಕೆ ಮುಂಚೆ ಮೆಸೇಜ್ ಹಾಕ್ಬೇಕು. ಅಷ್ಟೊತ್ತಿಗೆ ಹೋಗೋ ಆಸೇನೇ ಹೋಗಿರತ್ತೆ. ಇದಕ್ಕೆ ಎಷ್ಟು ಅಂಕಿ ಕೊಡ್ತೀರಿ, ನೀವೇ ಹೇಳಿ ನೋಡೋಣ."

"ನಾನು ಹೇಳೋ ಹಾಗಿಲ್ಲ ಸರ್. ನೀವೇ ಹೇಳ್ಬೇಕು."

ಆ ಕಡೆ ಇದ್ದವರು ನಿವೃತ್ತ ಬಸ್ ಡ್ರೈವರ್. ಇಪ್ಪತ್ತೆರಡು ನಿಮಿಷ ಮಾತಾಡಿ, ಮೂವತ್ತೆರಡು ಪ್ರಶ್ನೆಗಳಲ್ಲಿ ಹನ್ನೊಂದಕ್ಕೆ ಉತ್ತರ ಕೊಟ್ಟು, ಯಾರೋ ಬಾಗಿಲು ಬಡೀತಿದ್ದಾರೆ ಎಂದು ಫೋನ್ ಇಟ್ಟುಬಿಟ್ಟರು. ಅರ್ಧಕ್ಕೆ ನಿಂತ ಫಾರ್ಮು ಲೆಕ್ಕಕ್ಕಿಲ್ಲ. ಅಕ್ಕ ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿ ಕಿವಿ ಉಜ್ಜಿಕೊಂಡಳು. ಸ್ಪಂಜು ಸವೆದುಹೋಗಿ ಪ್ಲಾಸ್ಟಿಕ್ಕೇ ಒತ್ತುತ್ತಿದ್ದುದರಿಂದ ಕಿವಿ ಬಿಸಿಯಾಗಿತ್ತು.

ಆಫೀಸಿನಲ್ಲಿ ಎಲ್ಲರಿಗೂ ಅವಳು ಅಕ್ಕ. ಅಲ್ಲಿ ಕೂತವರಲ್ಲಿ ಅರ್ಧಕ್ಕರ್ಧ ಮಂದಿಗೆ ಅವಳು ಅಮ್ಮನ ವಯಸ್ಸಿನವಳು, ಆದರೆ ಹಾಗೆ ಕರೆದು ಬೈಸಿಕೊಳ್ಳುವ ಧೈರ್ಯ ಯಾರಿಗೂ ಇರಲಿಲ್ಲ. ಅವರ ಕೆಲಸ, ಗುರುತಿಲ್ಲದ ಜನರಿಗೆ ಫೋನ್ ಮಾಡಿ ಅವರ ಅಭಿಪ್ರಾಯ ಬರೆದುಕೊಳ್ಳುವುದು. ಈ ಸಲದ ಫಾರ್ಮಿನಲ್ಲಿ ಈ ಕಾಲದ ಬದುಕು, ಕೆಲಸ, ಆರೋಗ್ಯ, ಮನರಂಜನೆ ಎಂದು ನಾಲ್ಕು ಭಾಗ. ಇದನ್ನೆಲ್ಲ ಯಾರು ಓದುತ್ತಾರೆ, ಓದಿ ಏನು ಕಡಿದು ಕಟ್ಟೆ ಹಾಕುತ್ತಾರೆ ಎಂಬುದು ಒಂಬತ್ತು ವರ್ಷವಾದರೂ ಅಕ್ಕನಿಗೆ ತಿಳಿದಿರಲಿಲ್ಲ. ತಿಳಿದಿದ್ದು ಒಂದೇ ನಿಯಮ: ಪ್ರಶ್ನೆಯನ್ನು ಬರೆದಂತೆಯೇ ಓದಬೇಕು, ತನ್ನದೊಂದು ಮಾತೂ ಸೇರಿಸಬಾರದು. ಎದುರಿನವರು ಮಗ ಸತ್ತ ಎಂದರೂ ಅಯ್ಯೋ ಅನ್ನುವ ಹಾಗಿಲ್ಲ. ಅಂದರೆ ಉತ್ತರ ಕೆಡುತ್ತದಂತೆ.

"ಅಕ್ಕಾ, ಆರನೆಯವ್ರು ಸಿಕ್ಕಿದ್ರಾ?" ಟೀಮ್ ಲೀಡರ್ ತನ್ನ ಮೇಜಿನಿಂದಲೇ ಕೂಗಿದ. ಬೆಳಗಿನಿಂದ ಸಂಜೆಯವರೆಗೆ ಕೋಟಾ, ಕೋಟಾ ಎಂದು ಜಪ ಮಾಡುತ್ತಿದ್ದುದರಿಂದ ಅವನಿಗೆ ಕೋಟಾ ಸರ್ ಎಂದೇ ಹೆಸರು ಬಿದ್ದಿತ್ತು. ಈ ಸಲದ ಕೋಟಾಕ್ಕೆ ಅರವತ್ತು ದಾಟಿದ, ಕೈಕೆಲಸ ಮಾಡಿ ನಿವೃತ್ತರಾದ ಗಂಡಸರು ಆರು ಜನ ಬೇಕಿತ್ತು. ಐವರು ಸಿಕ್ಕಿದ್ದರು. ಆ ಜಾತಿಯ ಗಂಡಸರು ಫೋನ್ ಎತ್ತುವುದೇ ಇಲ್ಲ, ಎತ್ತಿದರೆ ಇಡುವುದಿಲ್ಲ. ಅಂದು ಶುಕ್ರವಾರ, ಐದು ಗಂಟೆಗೆ ಪಟ್ಟಿ ಮುಚ್ಚಬೇಕು. ಗಡಿಯಾರದಲ್ಲಿ ಆಗಲೇ ನಾಲ್ಕೂ ಮುಕ್ಕಾಲು.

"ಸಿಕ್ಕಿದ್ದಾರೆ, ಲೈನಲ್ಲೇ ಇದ್ದಾರೆ," ಎಂದು ಸುಳ್ಳು ಹೇಳಿ ಅಕ್ಕ ಗಂಡನ ನಂಬರು ಒತ್ತಿದಳು.

ಅವನು ಎತ್ತಲಿಲ್ಲ, ಮನೆಯಲ್ಲಿ ನಿದ್ದೆ ಹೋಗಿರಬೇಕು. ಮೂವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿ, ಎರಡು ವರ್ಷದ ಹಿಂದೆ ಅರವತ್ತಕ್ಕೆ ಕೆಲಸ ಬಿಟ್ಟವನು. ಈಗ ಮನೆ ನಡೆಯುತ್ತಿದ್ದುದು ಅವಳ ಸಂಬಳದಲ್ಲಿ. ಅಕ್ಕ ಇನ್ನೊಂದು ಸಲ ಒತ್ತಿದಳು, ಎತ್ತಲಿಲ್ಲ. ಮೂವತ್ತೊಂದು ವರ್ಷ ಒಂದೇ ಮಂಚದಲ್ಲಿ ಮಲಗಿದ ಗಂಡಸಿನ ಅಭಿಪ್ರಾಯ ಬರೆಯುವುದಕ್ಕೆ ಅವನನ್ನು ಬೇರೆ ಕೇಳಬೇಕೆ ಎಂದುಕೊಂಡು ಹೊಸ ಫಾರ್ಮು ತೆರೆದು ಅವನ ನಂಬರು ಹಾಕಿದಳು. ಈಗಿನ ಬದುಕು ಹೇಗಿದೆ? ಪರವಾಗಿಲ್ಲ, ಮೂರು. ಮಾಡಿದ ಕೆಲಸ ತೃಪ್ತಿ ಕೊಟ್ಟಿತೇ? ಐದು, ಅದರಲ್ಲಿ ಅನುಮಾನವೇ ಇಲ್ಲ. ಆರೋಗ್ಯ? ಚೆನ್ನಾಗಿದೆ, ಐದು. ಕಷ್ಟಸುಖ ಹೇಳಿಕೊಳ್ಳಲು ಮನೆಯಲ್ಲಿ ಯಾರಾದರೂ ಇದ್ದಾರೆಯೇ? ಇದ್ದಾರೆ. ಟೀವಿಯ ಹಾಡಿನ ಸ್ಪರ್ಧೆ ಇಷ್ಟವೇ? ತುಂಬಾ. ಒಂದು ದಿನವೂ ತಪ್ಪಿಸುವವನಲ್ಲ. ಹತ್ತೇ ನಿಮಿಷದಲ್ಲಿ ಮೂವತ್ತೆರಡೂ ಮುಗಿದವು. ಒಂದು ಕಡೆಯೂ ತಡವರಿಸಲಿಲ್ಲವಲ್ಲ ಎಂದು ಅವಳಿಗೆ ಒಳಗೊಳಗೇ ಹೆಮ್ಮೆಯೂ ಆಯಿತು.

ಸಂಜೆ ಮನೆಗೆ ಬಂದಾಗ ಅದನ್ನು ಹೇಳಲೂ ಇಲ್ಲ. ಮನೆ ಸೇರುವ ಹೊತ್ತಿಗೆ ಅವಳಿಗೆ ಮಾತು ಎಂದರೆ ಮೈ ಉರಿಯುತ್ತಿತ್ತು, ಗಂಟಲು ಕಟ್ಟಿರುತ್ತಿತ್ತು. ಗಂಡ ಅದನ್ನು ಅರ್ಥ ಮಾಡಿಕೊಂಡವನು. ಚಹಾ ಮಾಡಿಟ್ಟು, ಟೀವಿಯ ದನಿ ತಗ್ಗಿಸಿ, ಪಕ್ಕದಲ್ಲಿ ಸುಮ್ಮನೆ ಕೂರುತ್ತಿದ್ದ. ಇಂಥ ಗಂಡ ಎಷ್ಟು ಜನಕ್ಕೆ ಸಿಗುತ್ತಾನೆ ಎಂದು ಅವಳು ಎಷ್ಟೋ ಸಲ ಅಂದುಕೊಂಡದ್ದುಂಟು.

ಮಂಗಳವಾರ ಮಧ್ಯಾಹ್ನ ಕೋಟಾ ಸರ್ ಅವಳನ್ನು ಗಾಜಿನ ಕೋಣೆಗೆ ಕರೆದ. ಒಳಗಿನಿಂದ ಬಾಗಿಲು ಹಾಕಿಕೊಂಡ.

"ಅಕ್ಕಾ, ನಿಮ್ದೊಂದು ಫಾರ್ಮು ಮರುತಪಾಸಣೆಗೆ ಹೋಗಿತ್ತು. ಆರನೆಯ ಗಂಡಸಿಂದು. ತಪಾಸಣೆಯವಳು ಅವ್ರಿಗೆ ಫೋನ್ ಮಾಡಿ ಎಂಟು ಪ್ರಶ್ನೆ ತಿರುಗಿ ಕೇಳಿದ್ದಾಳೆ. ಐದು ಉತ್ತರ ಹೊಂದ್ತಾ ಇಲ್ಲ."

"ಐದಾ?"

"ಮೂರಾದ್ರೆ ಕೆಲಸದಿಂದ ತೆಗೀಬೇಕು. ನಿಮಗೆ ಗೊತ್ತಲ್ಲ." ಅವನು ಅವಳ ಕಣ್ಣು ತಪ್ಪಿಸಿದ. "ನೀವು ಹಾಗೆಲ್ಲ ಮಾಡೋರಲ್ಲ ಅಂತ ನಾನು ಮೇಲಿನವ್ರ ಹತ್ರ ಜಗಳಾನೇ ಆಡಿದೀನಿ. ಮೊದ್ಲು ರೆಕಾರ್ಡಿಂಗ್ ಕೇಳಿ."

ದಿನನಿತ್ಯದ ಕರೆಗಳನ್ನು ಯಾರೂ ರೆಕಾರ್ಡ್ ಮಾಡುತ್ತಿರಲಿಲ್ಲ. ತಪಾಸಣೆಯ ಕರೆಗಳಿಗೆ ಮಾತ್ರ ಆ ಮರ್ಯಾದೆ. ಫಾರ್ಮಿನ ಮೇಲೆ ಹೆಸರಿಲ್ಲ, ನಂಬರು ಮಾತ್ರ. ಅದು ಯಾರ ನಂಬರೆಂದು ಕೋಟಾ ಸರ್‌ಗೆ ಗೊತ್ತಿರಲಿಲ್ಲ, ತಪಾಸಣೆಯವಳಿಗೂ ಗೊತ್ತಿರಲಿಲ್ಲ. ಅಕ್ಕ ಹೆಡ್‌ಫೋನ್ ಹಾಕಿಕೊಂಡಳು.

"ಹೋದ ಶುಕ್ರವಾರ ನಮ್ಮವ್ರೊಬ್ರು ನಿಮ್ಮ ಹತ್ರ ಮಾತಾಡಿದ್ರಾ ಸರ್? ಈಗಿನ ಬದುಕಿನ ಬಗ್ಗೆ ಅಭಿಪ್ರಾಯ ಕೇಳೋಕೆ?"

ಆ ಕಡೆಯಿಂದ ಬಂದದ್ದು ಗಂಡನ ದನಿ. "ಶುಕ್ರವಾರ... ಹಾಂ, ಮಾತಾಡಿದ್ರು ಮಾತಾಡಿದ್ರು. ಒಳ್ಳೇ ಹೆಂಗಸು. ಒಂದು ಪ್ರಶ್ನೇನೂ ಬಿಡ್ಲಿಲ್ಲ."

ತನ್ನ ಪರವಾಗಿ ಫಾರ್ಮು ತುಂಬಿದ್ದು ಹೆಂಡತಿಯೇ ಎಂದು ಅವನಿಗೆ ಗೊತ್ತಾಗಿಬಿಟ್ಟಿದೆ.

"ಅದ್ರಲ್ಲಿ ಕೆಲವು ಇನ್ನೊಂದ್ಸಲ ಕೇಳ್ತೀನಿ ಸರ್."

"ಯಾಕಮ್ಮಾ? ಆಯಮ್ಮ ಏನು ಬರ್ಕೊಂಡಿದ್ದಾರೋ ಅದೇ ಇರ್ಲಿ ಬಿಡಿ."

"ಅದು ನಂಗೆ ಕಾಣ್ಸಲ್ಲ ಸರ್. ನೀವೇ ಹೇಳ್ಬೇಕು."

ಅವನು ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ಹೆಂಡತಿ ಏನು ಬರೆದಿದ್ದಾಳೆಂದು ಗೊತ್ತಿಲ್ಲದವನು ನಿಜ ಹೇಳದೆ ಇನ್ನೇನು ಮಾಡಿಯಾನು?

"ಟೀವೀಲಿ ಹಾಡಿನ ಸ್ಪರ್ಧೆ? ಇಲ್ಲಪ್ಪ, ನಂಗೆ ಸೇರಲ್ಲ. ಹಾಡೋದಕ್ಕಿಂತ ಅಳೋದೇ ಜಾಸ್ತಿ. ನಮ್ಮನೇವ್ಳು ನೋಡ್ತಾಳೆ, ಜೊತೆಗೆ ಕೂತಿರ್ತೀನಿ ಅಷ್ಟೆ." ಅಕ್ಕನಿಗೆ ನಗು ಬಂದಂತಾಯಿತು, ಬರಲಿಲ್ಲ. ತಾನೂ ಆ ಸ್ಪರ್ಧೆ ನೋಡುತ್ತಿದ್ದುದು ಅವನಿಗಾಗಿಯೇ. "ಕೆಲಸ ಅಂದ್ರೆ, ಮೂವತ್ತು ವರ್ಷ ಊರೋರನ್ನೆಲ್ಲ ಮೇಲಕ್ಕೂ ಕೆಳಕ್ಕೂ ಕಳಿಸ್ದೆ. ಈಗ ನಮ್ಮನೆಗೆ ಮೂರು ಮಹಡಿ ನಡ್ಕೊಂಡೇ ಹತ್ತಬೇಕು. ತೃಪ್ತಿಗೆ ಎಷ್ಟು ಕೊಡ್ಲಿ? ಎರಡು ಹಾಕ್ಕೊಳ್ಳಿ."

"ಆರೋಗ್ಯ ಸರ್?"

"ಒಂದು."

"ಒಂದು ಅಂದ್ರೆ ತುಂಬಾ ಕೆಟ್ಟದಾಗಿದೆ ಅಂತ ಸರ್."

"ಗೊತ್ತಮ್ಮಾ. ಎರಡು ತಿಂಗಳಿಂದ ಮೆಟ್ಲು ಹತ್ತಿದ್ರೆ ಎದೆ ಹಿಡ್ಕೊಳ್ಳತ್ತೆ. ಎಡಗೈಗೂ ಇಳಿಯತ್ತೆ. ಎರಡನೇ ಮಹಡೀಲಿ ಕೂತು, ಸುಧಾರಿಸ್ಕೊಂಡು ಹತ್ತುತೀನಿ."

"ಕಷ್ಟಸುಖ ಹೇಳಿಕೊಳ್ಳಲು ಮನೆಯಲ್ಲಿ ಯಾರಾದರೂ ಇದ್ದಾರೆಯೇ? ಹೌದು ಅಥವಾ ಇಲ್ಲ ಅನ್ನಿ."

"ಇದ್ದಾಳೆ. ಆದ್ರೆ ಅವ್ಳು ದಿನವಿಡೀ ಊರೋರ ಗೋಳು ಕೇಳಿ ಕೇಳಿ ಸುಸ್ತಾಗಿ ಬರ್ತಾಳೆ. ಅದ್ರ ಮೇಲೆ ನಂದೊಂದು ಯಾಕೆ? ಇಲ್ಲ ಅಂತ್ಲೇ ಬರ್ಕೊಳ್ಳಿ."

ತಪಾಸಣೆಯವಳು ಅಯ್ಯೋ ಅನ್ನಲಿಲ್ಲ. ಧನ್ಯವಾದ ಸರ್, ನಿಮ್ಮ ಸಮಯ ಅಮೂಲ್ಯ ಎಂದು, ಬರೆದದ್ದನ್ನು ಬರೆದಂತೆ ಓದಿದಳು. ಅಕ್ಕ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. ಮೂವತ್ತೊಂದು ವರ್ಷ ಎಂಬ ಆ ಹೆಮ್ಮೆಯ ಮುಖಕ್ಕೆ ಹೊಡೆದ ಹಾಗಾಗಿತ್ತು. ಎದುರಿಗೆ ಕೋಟಾ ಸರ್ ಕೂತಿದ್ದ, ಅಳುವ ಹಾಗೂ ಇರಲಿಲ್ಲ.

"ಇಂಥವ್ರು ಹೀಗೇ ಅಕ್ಕಾ, ಒಂದು ದಿನ ಒಂದು ಹೇಳ್ತಾರೆ, ಮಾರನೇ ದಿನ ಇನ್ನೊಂದು," ಎಂದ ಅವನು. "ಒಂದು ದಾರಿ ಇದೆ. ನೀವೇ ಈಗ ಮತ್ತೆ ಫೋನ್ ಮಾಡಿ ಆ ಎಂಟು ಪ್ರಶ್ನೆ ಕೇಳಿ. ಉತ್ತರ ನಿಮ್ಮ ಮೊದಲ್ನೇ ಫಾರ್ಮಿಗೆ ಹೊಂದಿದ್ರೆ ತಪಾಸಣೆ ಕರೆ ರದ್ದು, ನೀವು ಉಳ್ಕೊಂಡ್ರಿ. ರೆಕಾರ್ಡ್ ಆಗ್ತಿರತ್ತೆ, ನಾನೂ ಕೇಳ್ತಿರ್ತೀನಿ. ಫಾರ್ಮಲ್ಲಿ ಇಲ್ಲದ ಮಾತು ಒಂದೂ ಬೇಡ, ಬಂದ್ರೆ ಆ ಕರೇನೂ ಹೋಯ್ತು."

"ನಾಳೆ ಮಾಡ್ಲಾ?"

"ಐದಕ್ಕೆ ವರದಿ ಹೋಗತ್ತೆ. ಈಗ್ಲೇ ಮಾಡಿ."

ಅವನೂ ಒಂದು ಹೆಡ್‌ಫೋನ್ ಸಿಕ್ಕಿಸಿಕೊಂಡು, ಅವಳ ಹಳೆಯ ಫಾರ್ಮನ್ನು ಮುಂದಿಟ್ಟುಕೊಂಡ. ಅಕ್ಕ ನಂಬರು ಒತ್ತಿದಳು. ಅದನ್ನು ಒತ್ತಲು ಅವಳು ಫಾರ್ಮು ನೋಡಬೇಕಿರಲಿಲ್ಲ, ಆದರೂ ನೋಡುವಂತೆ ನಟಿಸಿದಳು. ಎರಡನೆಯ ರಿಂಗಿಗೇ ಎತ್ತಿದ.

"ನಮಸ್ಕಾರ ಸರ್. ಈಗಿನ ಬದುಕಿನ ಬಗ್ಗೆ ನಿಮ್ಮ ಅಭಿಪ್ರಾಯ ತಿಳಿಯಲು ಕರೆ ಮಾಡಿದ್ದೇವೆ. ಸ್ವಲ್ಪ ಸಮಯ ಕೊಡುವಿರಾ?"

ಮದುವೆಯಾದ ಮೇಲೆ ಅವಳು ಅವನನ್ನು ಸರ್ ಎಂದದ್ದು ಅದೇ ಮೊದಲು. ಆ ಕಡೆ ಗಂಡ ಗಂಟಲು ಸರಿಮಾಡಿಕೊಂಡ.

"ಕೇಳಿ ಮೇಡಂ," ಎಂದ.

ಅವಳು ಓದುತ್ತ ಹೋದಳು. ಈಗಿನ ಬದುಕು? ಪರವಾಗಿಲ್ಲ ಮೇಡಂ, ಮೂರು. ಹಾಡಿನ ಸ್ಪರ್ಧೆ? ತುಂಬಾ ಇಷ್ಟ, ಒಂದು ದಿನಾನೂ ಬಿಡಲ್ಲ. ಕೆಲಸದ ತೃಪ್ತಿ? ಐದು. ಹೆಂಡತಿ ತನ್ನನ್ನು ಏನೆಂದು ತಿಳಿದಿದ್ದಾಳೆ ಎಂಬುದು ಅವನಿಗೆ ಬಾಯಿಪಾಠವಾಗಿತ್ತು. ಎರಡು ವರ್ಷ ಅವನು ಬೇರೇನು ಕೆಲಸ ಮಾಡಿದ್ದ? ಅಕ್ಕ ಏನು ಬರೆದಿದ್ದಳೋ ಅದನ್ನೇ, ಅದೇ ಅಂಕಿಯನ್ನೇ, ಒಂದೊಂದಾಗಿ ಕೊಡುತ್ತ ಬಂದ. ಕೋಟಾ ಸರ್ ಹಳೆಯ ಫಾರ್ಮಿನ ಮೇಲೆ ಸರಿ ಗುರುತು ಹಾಕುತ್ತ, ಅವಳ ಕಡೆ ಹೆಬ್ಬೆರಳು ಎತ್ತಿ ತೋರಿಸಿದ. ಅವನ ಮುಖ ಅರಳಿತ್ತು.

"ನಿಮ್ಮ ಆರೋಗ್ಯ ಹೇಗಿದೆ? ಒಂದರಿಂದ ಐದರೊಳಗೆ ಒಂದು ಅಂಕಿ ಹೇಳಿ."

"ಚೆನ್ನಾಗಿದೆ ಮೇಡಂ. ಐದು."

ಕೋಟಾ ಸರ್ ಗುರುತು ಹಾಕಿದ. ಇನ್ನು ಮೂರೇ ಪ್ರಶ್ನೆ. ಅಕ್ಕನ ಕಣ್ಣು ಮುಂದಿನ ಸಾಲಿಗೆ ಹೋಯಿತು. ಸಾಲು ಅಲ್ಲೇ ಇತ್ತು, ಓದಿದರೆ ಮುಗಿಯಿತು, ಕೆಲಸ ಉಳಿಯಿತು. ಕೋಟಾ ಸರ್ ಮುಂದಕ್ಕೆ, ಮುಂದಕ್ಕೆ ಎಂದು ಕೈಸನ್ನೆ ಮಾಡಿದ.

"ರೀ," ಎಂದಳು ಅಕ್ಕ. "ಈಗ ನೋವಿದೆಯಾ?"

ಕೋಟಾ ಸರ್‌ನ ಪೆನ್ನು ನಿಂತಿತು.

"ಏನ್ ಮೇಡಂ? ನನಗೆ ಅರ್ಥ ಆಗ್ಲಿಲ್ಲ," ಎಂದ ಗಂಡ ಗಾಬರಿಯಿಂದ. "ಮುಂದಿನ ಪ್ರಶ್ನೆ ಕೇಳಿ ಮೇಡಂ, ಮುಂದಿನದು ಕೇಳಿ."

"ಮುಂದಿನದು ಇಲ್ಲ. ಎಡಗೈಗೆ ಇಳಿಯತ್ತೆ ಅಂದ್ರಲ್ಲ, ಈಗ್ಲೂ ಇಳೀತಿದೆಯಾ?"

"ಅಯ್ಯೋ, ಸುಮ್ನಿರೇ," ಅವನ ದನಿ ಪಿಸುಮಾತಿಗೆ ಇಳಿಯಿತು. "ಕೇಳ್ತಿರ್ತಾರೆ. ನಿನ್ ಕೆಲಸ ಹೋಗತ್ತೆ ಕಣೇ."

"ಹೋಯ್ತು ಆಗ್ಲೇ. ನೀವು ಹೇಳಿ."

ಗಾಜಿನಾಚೆ ಇಪ್ಪತ್ತು ಜನ ಇಪ್ಪತ್ತು ಜನರಿಗೆ ಒಂದರಿಂದ ಐದರೊಳಗೆ ಎನ್ನುತ್ತಿದ್ದರು. ಕೋಟಾ ಸರ್ ರೆಕಾರ್ಡಿಂಗ್ ನಿಲ್ಲಿಸಲು ಕೈ ಚಾಚಿದವನು, ಏನೆಂದುಕೊಂಡನೋ, ತನ್ನ ಹೆಡ್‌ಫೋನನ್ನೇ ತೆಗೆದು ಮಡಿಲಲ್ಲಿಟ್ಟುಕೊಂಡು ಗೋಡೆ ನೋಡುತ್ತ ಕೂತ.

"ಸ್ವಲ್ಪ ಇದೆ," ಎಂದ ಗಂಡ ಕೊನೆಗೆ. "ಬೆಳಿಗ್ಗೆಯಿಂದ."

"ಬೆಳಿಗ್ಗೆಯಿಂದ! ನಾನು ಹೊರಡುವಾಗ ಬಾಗಿಲ ಹತ್ರ ನಿಂತು ನಗ್ತಿದ್ರಲ್ಲರೀ!"

ಅವಳು ಬೈಯಲು ಬಂದದ್ದನ್ನು ನುಂಗಿಕೊಂಡಳು. ಬೈಯುವ ಮುಖ ತನಗೆ ಎಲ್ಲಿತ್ತು?

"ಕೇಳಿಸ್ಕೊಳ್ಳಿ. ಮೆಟ್ಲು ಇಳೀಬೇಡಿ, ಗಾಡಿಯವ್ರನ್ನ ನಾನೇ ಕರ್ಕೊಂಡು ಮೇಲೆ ಬರ್ತೀನಿ. ಬಾಗಿಲ ಚಿಲಕ ತೆಗೆದಿಟ್ಟು ಕೂತಿರಿ. ಆಸ್ಪತ್ರೆಗೆ ಹೋಗೋಣ. ಲೈನ್ ಮಾತ್ರ ಕಟ್ ಮಾಡ್ಬೇಡಿ."

"ಕೂತೇ ಇರ್ತೀನಿ." ಆಮೇಲೆ ಕೇಳಿದ, "ಯಾವ ಶರ್ಟು ಹಾಕ್ಕೊಳ್ಲಿ?"

"ಯಾವ್ದಾದ್ರೂ. ಬಟನ್ ಬೇಗ ಬಿಚ್ಚೋಕೆ ಬರೋದು."

ಬೀರುವಿನ ಬಾಗಿಲು ಕಿರ್‌ಗುಟ್ಟಿತು. ಅಕ್ಕ ಎದ್ದು ನಿಂತು ಒಂದು ಕೈಯಿಂದ ಬ್ಯಾಗ್ ಹೆಗಲಿಗೇರಿಸಿಕೊಂಡಳು, ಇನ್ನೊಂದು ಕೈಯಿಂದ ತನ್ನ ಮೊಬೈಲಿನಲ್ಲಿ ಆಂಬುಲೆನ್ಸಿನ ನಂಬರು ಒತ್ತಿ ಅದನ್ನು ಇನ್ನೊಂದು ಕಿವಿಗಿಟ್ಟುಕೊಂಡಳು. ಅದು ರಿಂಗಾಗುತ್ತಿತ್ತು. ಈ ಕಿವಿಯಲ್ಲಿ ಗಂಡ ಹ್ಯಾಂಗರುಗಳನ್ನು ಒಂದೊಂದಾಗಿ ಸರಿಸುತ್ತಿದ್ದ, ನಡುನಡುವೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದ.