ಹೇಸರಗತ್ತೆ ಹ್ಞೂಂ ಅನ್ನಲಿಲ್ಲ

ಸಂತಪುರದ ಹಾವಗೆಪ್ಪನ ಬಾಯಿಗೆ ದೇವರು ಒಂದು ಅಗಳಿ ಇಟ್ಟಿದ್ದರೆ ನಿಜಾಮರ ಫೌಜಿಗೆ ಎಷ್ಟೋ ಉಪಕಾರವಾಗುತ್ತಿತ್ತು. ಮಹಾಯುದ್ಧದ ಮೂರನೆಯ ವರ್ಷ ಅದು. ವೈರಿಯ ಬೆನ್ನ ಹಿಂದೆ ಸದ್ದಿಲ್ಲದೆ ನುಗ್ಗಿ ಸದ್ದಿಲ್ಲದೆ ಹೊರಬರುವ ಒಂದು ಛಾಪಾ ಟೋಳಿ ಕಟ್ಟಲೆಂದು ಹೈದರಾಬಾದಿನಿಂದ ಕಪ್ತಾನ ಸಾಹೇಬರು ಬೀದರ ಕೋಟೆಗೆ ಬಂದಿದ್ದರು. ಹಾವಗೆಪ್ಪ ಅಲ್ಲಿ ಹೇಸರಗತ್ತೆ ಹೊಡೆಯುವವನು. ಒಣ ಎಲೆಯ ಮೇಲೂ ಅವನ ಹೇಸರಗತ್ತೆ ಸದ್ದು ಮಾಡದೆ ನಡೆಯುವುದನ್ನು ಕಂಡು ಸಾಹೇಬರು ಅವನನ್ನೇ ಆರಿಸಿದರು. ಸುಮ್ಮನಿರುವುದು ಹೇಸರಗತ್ತೆ, ಹಾವಗೆಪ್ಪನಲ್ಲ ಎಂಬುದು ಅವರಿಗೆ ಆಮೇಲೆ ತಿಳಿಯಿತು.

ಜೊತೆಗೆ ಸಿಕ್ಕವರು ಇನ್ನಿಬ್ಬರು. ಬೀದರದ ಬಾಬುಮಿಯಾ ಬಿದರಿ ಹೂಜಿಗಳಿಗೆ ಬೆಳ್ಳಿ ತಂತಿ ಕೂಡಿಸುತ್ತಿದ್ದವನು. ಮಲಗಿದ ಬೆಕ್ಕಿನ ಮೀಸೆಯನ್ನು ಅದು ಏಳದಂತೆ ಕೀಳುವ ಬೆರಳು ಅವನವು. ಆದರೆ ನೆಲಕ್ಕೆ ಹೊಟ್ಟೆ ಹಚ್ಚಿದರೆ ಸಾಕು, ನಿದ್ದೆ. ನಿದ್ದೆಯ ಹಿಂದೆಯೇ ಗೊರಕೆ. ಭಾಲ್ಕಿಯ ಭಾಲಚಂದ್ರ ಸಾಲೆಯ ಮಾಸ್ತರ. ನಕಾಶೆ ಬರೆಯದೆ ಬಾವಿಗೂ ಹೋಗುವವನಲ್ಲ. ಒಬ್ಬನ ಲಿಂಗಪೂಜೆ ಮುಗಿಯುವಷ್ಟರಲ್ಲಿ ಇನ್ನೊಬ್ಬನ ನಮಾಜು, ಅದು ಮುಗಿಯುವಷ್ಟರಲ್ಲಿ ಮೂರನೆಯವನ ಸ್ನಾನ. ಮೂವರೂ ಒಟ್ಟಿಗೆ ಹೊರಟ ದಿನವೇ ಇರಲಿಲ್ಲ.

ಮೊದಲ ಪರೀಕ್ಷೆ ಮನ್ನಳ್ಳಿಯ ಕಳ್ಳಿ ಬೇಲಿಯಲ್ಲಿ. ದಫೇದಾರ ವೈಜಿನಾಥನ ಹತ್ತು ಜನರ ಕಣ್ಣಿಗೆ ಬೀಳದೆ ಅಡಗಿರಬೇಕು. ಬಾಬುಮಿಯಾ ಮಲಗಿಬಿಟ್ಟಾನೆಂದು ಹಾವಗೆಪ್ಪ ಪಿಸುದನಿಯಲ್ಲಿ ಕಥೆ ಶುರುಮಾಡಿದ. ಅವನ ಅಜ್ಜಿ, ಆಯಿ ಗುಂಡಮ್ಮನ ಮನೆಯಲ್ಲಿ ಕಥೆಗೊಂದು ಕಾಯಿದೆ ಇತ್ತು. ಕೇಳುವವರು ಹ್ಞೂಂ ಅನ್ನದಿದ್ದರೆ ಕಥೆ ಇದ್ದಲ್ಲೇ ಕೂತುಬಿಡುತ್ತದೆ. ಕಳ್ಳಿ ಬೇಲಿಯಿಂದ ಎರಡು ಹ್ಞೂಂ ಕೇಳಿಬಂದವು. ದಫೇದಾರ ಬೆತ್ತ ಹಿಡಿದು ನೇರವಾಗಿ ಅಲ್ಲಿಗೇ ಬಂದ.

ಎರಡನೆಯ ಸಲ ಭಾಲ್ಕಿಯ ಕೋಟೆಯಲ್ಲಿ. ಈ ಸಲ ಹಾವಗೆಪ್ಪ ಆಯಿಯ ಮೇಲೆ ಆಣೆ ಮಾಡಿ ತುಟಿ ಬಿಗಿದ. ಕಥೆಯಿಲ್ಲದ ಬಾಬುಮಿಯಾ ಗೊರಕೆ ಹೊಡೆದ.

“ಇನ್ನೊಂದು ಸಲ ಸಿಕ್ಕಿಬಿದ್ದರೆ ಟೋಳಿ ಬರಖಾಸ್ತು,” ಎಂದರು ಕಪ್ತಾನ ಸಾಹೇಬರು. “ಮಾಸ್ತರ ದಫ್ತರಕ್ಕೆ, ಮಿಯಾ ಬಂದೂಕು ಒರೆಸಲಿಕ್ಕೆ ಸಿಲೇಖಾನೆಗೆ, ಹಾವಗೆಪ್ಪ ಹೇಸರಗತ್ತೆಗಳ ಹತ್ತಿರ. ಕಡಲಾಚೆಯ ಯುದ್ಧಕ್ಕೆ ಹೋಗುವ ಜಹಾಜು ನಿಮಗಲ್ಲ.”

ಉಳಿದಿಬ್ಬರಿಗೆ ಅದು ಮಾನದ ಮಾತು. ಹಾವಗೆಪ್ಪನಿಗೆ ಅದು ಸಮುದ್ರದ ಮಾತು. ಆಯಿಯ ಕಥೆಗಳಲ್ಲೆಲ್ಲ ಸಮುದ್ರ. ಆಯಿ ಕಂಡದ್ದು ಮಾಂಜ್ರಾ ಹೊಳೆ ಮಾತ್ರ. ಎಂಬತ್ತು ದಾಟಿದ ಮುದುಕಿ, ಅವನು ಫೌಜಿಗೆ ಹೊರಟ ದಿನ ಗಲ್ಲ ಹಿಡಿದು ಹೇಳಿದ್ದಳು: “ಅದು ಹ್ಯಾಂಗದ ನೋಡ್ಕೊಂಡು ಬಂದು ಹೇಳು ಮಗಾ. ಇಷ್ಟು ದಿನ ನಾ ಸುಳ್ಳೇ ಹೇಳೀನೋ ಏನೋ.”

ಮೂರನೆಯ ಪರೀಕ್ಷೆ ಸಂತಪುರದ ಆಚೆ, ಸಣ್ಣ ಕೋಟೆಯಂಥ ಒಂದು ಹಾಳು ಗಢಿಯಲ್ಲಿ. ಗಢಿಯ ಬಾಗಿಲ ಮೇಲೆ ಕಟ್ಟಿದ ಕೆಂಪು ರುಮಾಲನ್ನು ಹಾಡಹಗಲೇ ಬಿಚ್ಚಿ ತರಬೇಕು. ಸುತ್ತ ಆಳೆತ್ತರದ ಜೋಳದ ಹೊಲ, ಅದರೊಳಗೆ ಎಲ್ಲೆಲ್ಲೋ ವೈಜಿನಾಥನ ಹತ್ತು ಜನ.

“ನಿನ್ ಬಾಯಿ ಹೊಲೀಬೇಕು,” ಎಂದ ಬಾಬುಮಿಯಾ.

“ಮೊದ್ಲು ನಿನ್ ಮೂಗು ಹೊಲ್ಕೋ ಮಿಯಾ. ನಾ ಕತಿ ಹೇಳ್ದೆ, ಖರೇ. ಹ್ಞೂಂ ಅಂದವ್ರು ಯಾರು?”

“ಅನ್ನದಿದ್ರ ಕತಿ ನಿಂದರ್ತದಂತ ನೀನೇ ಅಂದಿ. ರಾಜಕುಮಾರಿನ್ನ ಹಂಗೇ ಬಿಟ್ಟು ಕೂಡ್ಲಿಕ್ಕ ನಾ ಏನ್ ಕಲ್ಲೇನು?”

ನಕಾಶೆಯ ಮೇಲಿದ್ದ ಮಾಸ್ತರನ ಪೆನ್ಸಿಲು ನಿಂತಿತು. “ಆ ದಫೇದಾರ್ರ ಊರು ಯಾವ್ದು?”

“ಔರಾದ,” ಎಂದ ಹಾವಗೆಪ್ಪ. “ಅವ್ರ ಮಂದಿನೂ ಎಲ್ಲಾ ಆ ಕಡೀನವ್ರೇ.”

“ಅಂದ್ರ ಅವ್ರ ಮನ್ಯಾಗೂ ಆಯಿ ಇದ್ದಾಳ.”

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟೋಳಿ ಕಟ್ಟಿದ ಮೇಲೆ ಮೂವರಿಗೂ ಒಂದೇ ವಿಚಾರ ಬಂದದ್ದು ಅದೇ ಮೊದಲು.

ಮಧ್ಯಾಹ್ನ ಹಾವಗೆಪ್ಪ ಹೇಸರಗತ್ತೆಯೊಂದಿಗೆ ರಾಜಾರೋಷವಾಗಿ ಬಂದು ಗಢಿಯ ಎದುರಿನ ಬೇವಿನ ನೆರಳಲ್ಲಿ ಕೂತ. ಯಾರೂ ಏಳಲಿಲ್ಲ. ಮೂವರೂ ಒಳಗೆ ಬರುವ ತನಕ ಯಾರೂ ಮಿಸುಕಬಾರದೆಂದು ದಫೇದಾರನ ಹುಕುಂ ಇತ್ತು. ಹಾವಗೆಪ್ಪ ಗಂಟಲು ಸರಿಮಾಡಿಕೊಂಡು ಹೇಸರಗತ್ತೆಗೇ ಕಥೆ ಹೇಳತೊಡಗಿದ.

“ಕೇಳವ್ವಾ. ಒಬ್ಬ ರಾಜಕುಮಾರಿ ಇದ್ಳು. ಅಕಿ ಅರಮನಿ ಹಿಂದ ತಳ ಇಲ್ಲದ ಒಂದು ಬಾವಿ. ಅದರ ನೀರು ಉಪ್ಪು. ಯಾಕಂದ್ರ ಕೆಳಗ ಸಮುದ್ರ.” ಅಲ್ಲಿಗೆ ನಿಲ್ಲಿಸಿದ. “ಹ್ಞೂಂ ಅನ್ನು. ಅನ್ನಂಗಿಲ್ಲಾ? ಹಂಗಾರ ನನಗೇನು ಗರಜು.”

ಹೇಸರಗತ್ತೆ ಕಿವಿ ಅಲ್ಲಾಡಿಸಿತು. ಹಾವಗೆಪ್ಪ ಚೀಲದಿಂದ ಶೇಂಗಾ ತೆಗೆದು ಒಂದೊಂದಾಗಿ ಸುಲಿದು ತಿಂದ. ಹೊಲದಲ್ಲಿ ಗಾಳಿಯೂ ಇರಲಿಲ್ಲ. ಐದನೆಯ ಶೇಂಗಾಕ್ಕೆ ಎಡಗಡೆಯ ಜೋಳದೊಳಗಿಂದ, ತಡೆಯಲಾರದೆ ಜಾರಿದಂತೆ, ಒಂದು ಸಣ್ಣ “ಹ್ಞೂಂ” ಬಂತು.

“ಶಾಣ್ಯಾಕಿ ಇದ್ದಿ ನೋಡವ್ವಾ,” ಎಂದು ಹಾವಗೆಪ್ಪ ಹೇಸರಗತ್ತೆಯ ಕುತ್ತಿಗೆ ಸವರಿ ಕಥೆ ಮುಂದುವರಿಸಿದ.

ಹೊಲದ ಹಿಂದಿನ ಒಡ್ಡಿನ ಮರೆಯಲ್ಲಿ ಮಾಸ್ತರ ನಕಾಶೆಗೆ ಒಂದು ಚುಕ್ಕೆ ಇಟ್ಟ. ರಾಜಕುಮಾರಿ ಬಾವಿಗೆ ಕೊಡ ಬಿಟ್ಟಾಗ ಬಲಗಡೆ ಮೂರು ಹ್ಞೂಂ. ಹಗ್ಗ ಭಾರವಾದಾಗ ಬೇವಿನ ಆಚೆಗೆ ಇನ್ನೆರಡು. ಕೊಡ ಏರತೊಡಗಿದಾಗ ಎದುರಿನ ಜೋಳದಲ್ಲಿ ನಾಲ್ಕು. ಪಕ್ಕದಲ್ಲಿದ್ದ ಬಾಬುಮಿಯಾನ ಎರಡೂ ಗಲ್ಲ ಉಬ್ಬಿದ್ದವು. ಬಾಯಿ ತಪ್ಪಿ ಹ್ಞೂಂ ಅಂದಾನೆಂದು ಮಾಸ್ತರ ಅದರ ತುಂಬ ಭಾಲ್ಕಿಯ ಬೆಲ್ಲ ತುರುಕಿದ್ದ. ನಿದ್ದೆಯಂತೂ ಅವನ ಹತ್ತಿರ ಸುಳಿದಿರಲಿಲ್ಲ.

“ಕೊಡ ಮ್ಯಾಲ ಬಂತು,” ಎಂದ ಹಾವಗೆಪ್ಪ. “ಒಳಗ ನೀರಿಲ್ಲ. ಒಂದು ಕೈ ಅದ. ಹಸಿರು ಬಳಿ ಹಾಕ್ಕೊಂಡ ಕೈ.”

“ಯಾರ್ದು?” ಎಂದಿತು ಬಾಗಿಲ ಪಕ್ಕದ ಕಲ್ಲಿನ ಹಿಂದಿನಿಂದ ದಫೇದಾರ ವೈಜಿನಾಥನ ದಪ್ಪ ದನಿ.

ಮಾಸ್ತರ ಹತ್ತನೆಯ ಚುಕ್ಕೆಯ ಪಕ್ಕ ಹನ್ನೊಂದನೆಯದನ್ನು ದೊಡ್ಡದಾಗಿ ಇಟ್ಟ. ನಕಾಶೆಯಲ್ಲಿ ಒಂದೇ ಕಡೆ ಬರಿದಾಗಿತ್ತು, ಹಿಂಗೋಡೆಯ ಹುಣಸೆಮರದ ಕಡೆ. ಅತ್ತ ಬೆರಳು ತೋರಿಸಿದ. ಬಾಬುಮಿಯಾ ಹಲ್ಲಿಯಂತೆ ಗೋಡೆ ಹತ್ತಿ, ಅದರ ಮೇಲೆಯೇ ಬಾಗಿಲ ತನಕ ಬಂದು, ದಫೇದಾರನ ಪೇಟದ ಮೇಲಿಂದ ಕೈ ಚಾಚಿ ಗಂಟು ಬಿಚ್ಚಿದ. ದಫೇದಾರನ ಕಣ್ಣು ಹಾವಗೆಪ್ಪನ ತುಟಿಯ ಮೇಲೇ ಇತ್ತು.

ಕಪ್ತಾನ ಸಾಹೇಬರು ಬಂದಾಗ ರುಮಾಲು ಹೇಸರಗತ್ತೆಯ ಕೊರಳಲ್ಲಿತ್ತು. ಹನ್ನೊಂದು ಜನ ಜೋಳದ ಹೊಲದ ಮುಂದೆ ತಲೆ ತಗ್ಗಿಸಿ ನಿಂತಿದ್ದರು.

“ಹುಕುಂ ಮರ್ತೀರೇನ್ರಿ ದಫೇದಾರ?”

“ಕೊಡದಾಗ ಕೈ ಬಂದಿತ್ರಿ ಸಾಹೇಬ್ರ. ಯಾರ್ ಸುಮ್ನ ಕೂಡ್ತಾರ್ರಿ?”

ಸಾಹೇಬರು ಮೀಸೆಯೊಳಗೇ ನಕ್ಕು ಮೂವರ ಹೆಸರನ್ನೂ ಜಹಾಜಿನ ಪಟ್ಟಿಗೆ ಬರೆಸಿದರು. ಅವರು ಅತ್ತ ಹೋಗುವುದೇ ತಡ, ದಫೇದಾರ ಹಾವಗೆಪ್ಪನ ಪಕ್ಕ ಕುಕ್ಕರುಗಾಲಲ್ಲಿ ಕೂತ. “ಯಾರ ಕೈ ಅದು?”

“ಗೊತ್ತಿಲ್ರಿ. ಆಯಿ ಅಷ್ಟಕ್ಕ ನಿಂದರ್ಸ್ಯಾಳ. ನಾ ಸಮುದ್ರ ನೋಡ್ಕೊಂಡು ಬಂದ ಮ್ಯಾಲ ಉಳಿದಿದ್ದು ಹೇಳ್ತಾಳಂತ.”

ದಫೇದಾರ ಎದ್ದು ಮಾಸ್ತರನಿಗೂ ಬಾಬುಮಿಯಾನಿಗೂ ಬೆತ್ತ ತೋರಿಸಿದ. “ನಿಮ್ಮಿಬ್ರಿಗೂ ಹೇಳ್ತೇನಿ, ಕೇಳ್ರಿ. ಇಂವ ಸಂತಪುರಕ್ಕ ಜೀವಂತ ವಾಪಸ್ ಬರ್ಬೇಕು. ಇವ್ನ ಕೂದಲು ಕೊಂಕಿದ್ರ ಔರಾದದ ಇಷ್ಟು ಮಂದೀಗೆ ನೀವೇ ಜವಾಬ್ ಕೊಡ್ಬೇಕು. ತಿಳೀತೇನು?”

ಬಾಬುಮಿಯಾ ಬೆಲ್ಲದ ಕೊನೆಯ ತುಣುಕು ನುಂಗಿದ. ಮಧ್ಯಾಹ್ನವಿಡೀ ಬಾಯಲ್ಲಿ ತಡೆದಿಟ್ಟಿದ್ದದ್ದು ಆಗ ಹೊರಬಂತು.

“ಹ್ಞೂಂ.”