ಕಣ್ಣು ನೋಡೋಕೆ ಹೋಗಿದ್ದು

ಅರವತ್ತೆರಡನೇ ಇಸ್ವಿ. ಪೆದ್ದಣ್ಣಾಚಾರಿ ತೀರಿಕೊಂಡು ಎರಡು ವರ್ಷ ಆಗಿತ್ತು. ಮ್ಯೂಸಿಯಂನೋರು ಮಧುಗಿರಿ ಹೈಸ್ಕೂಲಿನ ಹಾಲಿನಲ್ಲಿ ಅವನು ಕೆತ್ತಿದ ವಿಗ್ರಹಗಳನ್ನೆಲ್ಲಾ ಇಟ್ಟು ದೊಡ್ಡ ಸಮಾರಂಭ ಮಾಡ್ತಾರೆ ಅಂದ್ರು. ಭಾಷಣ ಕೇಳೋದು ನನ್ನ ಕೈಲಾಗಲ್ಲ, ಹೋಗೋದೇ ಬ್ಯಾಡ ಅನ್ಕಂಡೆ. ಆದ್ರೂ ಬೆಳಿಗ್ಗೆ ಸಿರಾದಲ್ಲಿ ಬಸ್ಸು ಹತ್ತೇ ಬುಟ್ಟೆ. ಒಂದು ಆಸೆ ಉಳ್ಕಂಡಿತ್ತು.

ನಾನು ಹುಸೇನ್ ಸಾಬ್. ಮೂವತ್ತು ವರ್ಷ ಪೆದ್ದಣ್ಣನಿಗೆ ಕಲ್ಲು ಆರಿಸಿ, ಸೀಳಿ, ಒರಟಾಗಿ ಕಡಿದು ಕೊಟ್ಟೋನು. ಮಿಡಿಗೇಶಿ ಬೆಟ್ಟದ ಕೆಳಗೆ ಅವನ ಚಪ್ಪರ. ಮೂಗು, ತುಟಿ, ಬೆರಳು ಎಲ್ಲಾ ನನ್ನ ಎದುರಿಗೇ ಆಗೋದು. ಸರಿಯಿಲ್ಲ ಅನ್ನಿಸಿದ್ರೆ ಮುಖದ ಮೇಲೇ ಹೇಳ್ತಿದ್ದೆ. ಅವನು ಬಯ್ದು, ಉಳಿ ಎಸೆದು ಎದ್ದು ಹೋಗೋನು. ಎರಡು ದಿನ ಮಾತಿಲ್ಲ ಕತೆಯಿಲ್ಲ. ಆಮೇಲೆ ಬಂದು ತಿದ್ದೋನು. ಸುತ್ತಲ ಊರೆಲ್ಲಾ ಹೊಗಳೋ ಮನುಷ್ಯ, ತಪ್ಪು ಕೇಳೋಕೆ ಮಾತ್ರ ನನ್ನ ಹತ್ರನೇ ಬರೋನು.

ಕಣ್ಣೊಂದನ್ನ ನಾನು ಯಾವತ್ತೂ ನೋಡಿರಲಿಲ್ಲ. ದೇವರ ಕಣ್ಣನ್ನ ಗುಡಿಯೊಳಗೇ, ಪರದೆ ಎಳೆದು, ಕಟ್ಟಕಡೆಗೆ ಕೆತ್ತೋದು ಅವರ ಪದ್ಧತಿ. ಸಾಬರು ಒಳಕ್ಕೆ ಹೋಗೋಂಗಿಲ್ಲ; ಹೋಗಿದ್ರೆ ನಮ್ಮೋರೂ ಸುಮ್ನೆ ಬುಡ್ತಿರಲಿಲ್ಲ. ನಾನು ಹೊರಗೆ, ವಿಗ್ರಹ ತಂದ ಗಾಡಿ ಪಕ್ಕ ಬೀಡಿ ಸೇದ್ತಾ ಕೂತಿರೋನು. ಜನರೆಲ್ಲಾ ಕಾಲಿಗೆ ಬಿದ್ದು ಎದ್ದ ಮೇಲೆ ಪೆದ್ದಣ್ಣ ಬಂದು ನನ್ನ ಪಕ್ಕ ಕೂತು ಪ್ರತಿಸಲ ಒಂದೇ ಮಾತು ಅನ್ನೋನು: “ನೀನು ನೋಡೋಗಂಟ ನಂಗೆ ಸಮಾಧಾನ ಇಲ್ಲ ಕಣ್ಲಾ ಹುಸೇನ.”

ಹಾಲಿನಲ್ಲಿ ಜನವೋ ಜನ. ಪೂಜೆ ನಡೀತಿರೋ ದೇವರನ್ನ ಯಾರು ಕಿತ್ತು ಕೊಡ್ತಾರೆ? ಮ್ಯೂಸಿಯಂನೋರಿಗೆ ಸಿಕ್ಕಿದ್ದೆಲ್ಲಾ ಬಿರುಕು ಬಿಟ್ಟಿದ್ದು, ಅರ್ಧಕ್ಕೆ ನಿಂತಿದ್ದು. ಕೆಟ್ಟೋಯ್ತು ಅಂತ ನಾವಿಬ್ರೇ ಹೊತ್ತು ಬಾವಿಗೆ ಹಾಕಿದ್ದನ್ನೂ ಎತ್ಕಂಡು ಬಂದು ಹೂವಿಟ್ಟಿದ್ರು. ಒಂದೊಂದೇ ನೋಡ್ತಾ ಹೋದೆ. ಯಾವುದಕ್ಕೂ ಕಣ್ಣಿಲ್ಲ. ಬಂದಿದ್ದೇ ದಂಡ ಅನ್ನಿಸ್ತು.

ಕಿಟಕಿ ಪಕ್ಕ ಒಬ್ಬಳು ಅಮ್ಮ ದೇವರು ನಿಂತಿದ್ಲು. ಬಲಗೈ ಮೊಣಕೈಯಿಂದ ಕೆಳಕ್ಕೆ ಇಲ್ಲ. ಕೊಡಿಗೇನಹಳ್ಳಿ ಕಡೆ ಯಾವುದೋ ಊರಲ್ಲಿ ಗುಡಿ ತೊಲೆ ಬಿದ್ದು ಕೈ ಮುರೀತಂತೆ. ಮುಕ್ಕಾದ ದೇವರಿಗೆ ಪೂಜೆ ಇಲ್ಲ ಅಂತ ಹೊಸದು ಕೂರಿಸಿ ಇವಳನ್ನ ಕೆರೆಗೆ ಬುಟ್ರಂತೆ. ಕಾವಲಿನವನು ಹೇಳ್ದ. ಅಂದ್ರೆ ಇವಳು ಪೂಜೆ ಕಂಡೋಳು, ಕಣ್ಣು ತೆರೆದೋಳು. ತಲೆಯೆತ್ತಿ ನೋಡ್ದೆ.

ಯಾ ಅಲ್ಲಾ, ಎಂಥಾ ಕಣ್ಣು! ಬಲಗಣ್ಣಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. ಆಮೇಲೆ ಎಡಗಣ್ಣು ನೋಡ್ದೆ. ಹಿಂದಕ್ಕೆ ಸರಿದು ನೋಡ್ದೆ, ಪಕ್ಕದಿಂದ ನೋಡ್ದೆ. ಊಹೂಂ. ಒಂದು ರಾಗಿ ಕಾಳಿನಷ್ಟು ಮೇಲೆ ಹೋಗ್ಬುಟ್ಟಿತ್ತು.

ವೇದಿಕೆ ಮೇಲೆ ಮಹಾಲಿಂಗಯ್ಯ ಮೇಷ್ಟ್ರು, ಆಚಾರಿಯ ಕೈಯಲ್ಲಿ ತಪ್ಪು ಅನ್ನೋದೇ ಹುಟ್ಟಲಿಲ್ಲ ಅಂತಿದ್ರು. ಜನ ಚಪ್ಪಾಳೆ ತಟ್ಟಿದ್ರು. ನಾನು ಯಾರಿಗೆ ಹೇಳ್ಲಿ? ಹೇಳಿದ್ರೆ, ಸತ್ತೋನ ಹೆಸರು ಕೆಡಿಸೋಕೆ ಬಂದವ್ನೆ ಅನ್ನೋರು. ಇದನ್ನ ಕೇಳಿ ಉಳಿ ಎಸೆದು ಎದ್ದು ಹೋಗೋನು ಒಬ್ನೇ ಇದ್ದ. ನಮ್ಮಮ್ಮನಾಣೆ, ಅವನನ್ನ ಮಣ್ಣು ಮಾಡಿದ ದಿನವೂ ನಂಗೆ ಅಷ್ಟು ಒಂಟಿ ಅನ್ನಿಸಿರಲಿಲ್ಲ.

ಕಣ್ಣು ಒರಿಸ್ಕಂಡು ಅಮ್ಮನ ಹತ್ತಿರಕ್ಕೆ ಹೋಗಿ ಮೆಲ್ಲಗೆ ಅಂದೆ:

“ಎಡಗಣ್ಣು ಒಂಚೂರು ಮೇಲೆ ಹೋಗೈತೆ ಕಣ್ಲಾ ಪೆದ್ದಣ್ಣ.”

ಅವನು ಬಯ್ಲಿ ಅಂತ ಶಾನೆ ಹೊತ್ತು ಅಲ್ಲೇ ನಿಂತಿದ್ದೆ.