ಅರ್ಧ ಮುಚ್ಚಿದ ಚಿನ್ನ

ನಮ್ಮ ಪಿಎಚ್‌ಡಿ ಗೈಡ್ ಹಿಡಿದ ಮೊಲಕ್ಕೆ ಮೂರೇ ಕಾಲು. ಆ ಮೊಲದ ಚಿತ್ರಕ್ಕೆ ಕಟ್ಟು ಹಾಕಿಸಿ ಲ್ಯಾಬಿನ ಬಾಗಿಲ ಪಕ್ಕ ತೂಗುಹಾಕಿದ್ದಾರೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಕಂಡ ಒಂದು ಕಣ ಅದು: ನಡುವೆ ಚಿನ್ನದ ಕಪ್ಪು ಚುಕ್ಕೆ, ಸುತ್ತ ಇಂಗಾಲದ ಬೂದು ಬಳೆ. ಒಂದು ತಲೆಕೂದಲಿನ ದಪ್ಪದಲ್ಲಿ ಇಂಥ ಸಾವಿರಾರು ಕಣಗಳನ್ನು ಸಾಲಾಗಿ ನಿಲ್ಲಿಸಬಹುದು. ಅವರ ಹೆಸರೆಲ್ಲ ನಿಂತಿರುವುದು ಆ ಬಳೆಯ ಮೇಲೆ.

ಅವರ ಶಿಷ್ಯೆಯಾದ ನನ್ನ ಕೆಲಸ ಅದನ್ನೇ ಮುಂದುವರಿಸುವುದು. ಗಾಳಿ ತೆಗೆದ ಉಕ್ಕಿನ ಕೊಳವೆಯೊಳಗೆ ಚಿನ್ನದ ಆವಿ ತಣಿದು ಕಣಗಳಾಗುತ್ತದೆ. ಆ ಕಣಗಳು ಸಾಗುವ ದಾರಿಯಲ್ಲಿ ಒಂದು ಪುಟ್ಟ ಒಲೆ. ಅದರಲ್ಲಿ ಫುಲ್ಲರೀನ್ ಪುಡಿ, ಅಂದರೆ ಅರವತ್ತು ಇಂಗಾಲದ ಪರಮಾಣುಗಳು ಫುಟ್‌ಬಾಲಿನ ಹಾಗೆ ಹೆಣೆದುಕೊಂಡ ಉಂಡೆಗಳು. ಒಲೆ ಕಾದರೆ ಪುಡಿ ಆವಿಯಾಗಿ ಚಿನ್ನಕ್ಕೆ ಅಂಟುತ್ತದೆ. ಒಲೆ ಎಷ್ಟೇ ಕಾಯಲಿ, ಇಂಗಾಲ ಚಿನ್ನವನ್ನು ಪೂರ್ತಿ ಸುತ್ತಿಕೊಳ್ಳುತ್ತದೆ ಎನ್ನುವುದು ಗೈಡ್ ವಾದ.

ನನ್ನ ಕಣಗಳು ಅವರ ಮಾತು ಕೇಳಲಿಲ್ಲ. ಕಾವು ಕಡಿಮೆಯಿದ್ದಾಗ ಇಂಗಾಲ ಮಗುವಿನ ತಲೆಗೆ ಕುಲಾವಿ ತೊಡಿಸಿದಂತೆ ಒಂದೇ ಬದಿಗೆ ಕೂರುತ್ತಿತ್ತು. ಕಾವು ಏರಿಸಿದಷ್ಟೂ ಕುಲಾವಿ ಕೆಳಗಿಳಿಯುತ್ತಿತ್ತು. ಎಷ್ಟು ಮುಚ್ಚಬೇಕು, ಎಷ್ಟು ಬಿಡಬೇಕು ಎನ್ನುವುದು ನನ್ನ ಕೈಗೆ ಬಂದಿತ್ತು! ಬಿಟ್ಟ ಬದಿಯಿಂದ ಚಿನ್ನ ಬೇರೆ ಅನಿಲಗಳನ್ನು ಮುಟ್ಟಬಹುದು, ಅವುಗಳ ರಾಸಾಯನಿಕ ಕ್ರಿಯೆಗೆ ವೇಗ ಕೊಡುವ ಕೆಲಸ ಮಾಡಬಹುದು. ಪೂರ್ತಿ ಮುಚ್ಚಿದ ಚಿನ್ನ ಪೆಟ್ಟಿಗೆಯೊಳಗಿನ ಒಡವೆಯಷ್ಟೇ. ಆ ದಿನ ನನಗೆ ಕುಣಿಯುವಷ್ಟು ಸಂತೋಷವಾಗಿತ್ತು.

ಗೈಡ್ ಚಿತ್ರ ನೋಡಿ ಹುಬ್ಬು ಗಂಟಿಕ್ಕಿದರು. "ಸ್ಯಾಂಪಲ್ ಕೆಟ್ಟಿದೆ ಕಣಮ್ಮ. ಬಳೆ ಇರೋ ಕಣ ಒಂದಾದ್ರೂ ಸಿಕ್ಕೇ ಸಿಗುತ್ತೆ, ಹುಡುಕು. ಸೆಮಿನಾರ್‌ನಲ್ಲಿ ಅದನ್ನೇ ತೋರಿಸು. ಆಮೇಲೆ ನಿನ್ನ ಥೀಸಿಸ್‌ಗೆ ಸಹಿ ಹಾಕ್ತೀನಿ."

"ಸಿಗದಿದ್ರೆ ಸರ್?"

"ಸಿಗೋವರೆಗೂ ಹುಡುಕು."

ಆ ಸಹಿ ಬೀಳದಿದ್ದರೆ ಇಷ್ಟು ವರ್ಷದ ನನ್ನ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಮನೆಗೆ ಬಂದು ಕೂಗಾಡಿದೆ. "ಒಂದು ಚಿತ್ರ ತಾನೇ, ಹಾಕ್ಬಿಡು" ಎಂದ ನನ್ನ ಗಂಡ. ಅತ್ತೆ ಫೋಟೋ ಸ್ಟುಡಿಯೋದಲ್ಲಿ ಫೋಟೋ ತಿದ್ದುವ ಕೆಲಸ ಮಾಡಿದವರು, ಊರಿನ ಅರ್ಧ ಜನರ ಮಚ್ಚೆ ಅಳಿಸಿದ ಕೈ. ಒಗೆದ ಬಟ್ಟೆ ಮಡಿಸುತ್ತಲೇ ಮಗನನ್ನು ಗದರಿದರು.

"ನೀನು ಸುಮ್ನಿರೋ. ಮದುವೆ ಫೋಟೋ ಬೇಕಾದಷ್ಟು ತಿದ್ದಿದೀನಿ, ನಿನ್ನ ಮೂಗೂ ಸೇರಿಸಿ. ಗುರುತಿನ ಚೀಟಿ ಫೋಟೋಗೆ ಮಾತ್ರ ಯಾವತ್ತೂ ಕೈ ಹಾಕಿಲ್ಲ." ನನ್ನ ಕಡೆ ತಿರುಗಿದರು. "ನಿಂದು ಯಾವ ಫೋಟೋ?"

"ಗುರುತಿಂದು ಅತ್ತೆ."

"ಮತ್ತೆ ನನ್ನನ್ನೇನು ಕೇಳ್ತೀಯ?"

ಆದರೂ ಒಂದು ಪ್ರಶ್ನೆ ಮುಳ್ಳಿನಂತೆ ಚುಚ್ಚುತ್ತಿತ್ತು. ಗೈಡ್ ಹಟಮಾರಿ ಹೌದು, ಸುಳ್ಳುಗಾರರಲ್ಲ. ಹಾಗಾದರೆ ಅವರ ಬಳೆ ಎಲ್ಲಿಂದ ಬಂತು?

ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ನಡೆಸುವವನನ್ನು ಕೇಳಿದೆ. ಸದಾ ಕತ್ತಲ ಕೋಣೆಯಲ್ಲಿ ಇರುವುದರಿಂದ ಅವನಿಗೆ ಗೂಬೆ ಎಂದೇ ಹೆಸರು.

"ನಿಮಗೂ ಸರ್‌ಗೂ ಎಲ್ಲಿಂದೆಲ್ಲಿಗೆ ಅಕ್ಕ," ಎಂದು ನಕ್ಕ. "ನೀವು ಕಣ ಕಂಡ ತಕ್ಷಣ ಫೋಟೋ ತೆಗೀತೀರ. ಅವರು ಒಂದೇ ಕಣದ ಮೇಲೆ ಫೋಕಸ್ ಮಾಡ್ತಾ ಕೂತರೆ ನಾನು ಟೀ ಕುಡಿದು ಬಂದರೂ ಎದ್ದಿರಲ್ಲ."

ನನ್ನ ಅವಸರದ ಬುದ್ಧಿಗೆ ಹುಟ್ಟಿದಾಗಿನಿಂದ ಬೈಸಿಕೊಂಡಿದ್ದೇನೆ. ಅವತ್ತು ಮಾತ್ರ ತಾಳ್ಮೆ ತಂದುಕೊಂಡು ಒಂದು ಕುಲಾವಿ ಕಣದ ಮೇಲೆ ಎಲೆಕ್ಟ್ರಾನ್ ಕಿರಣ ಬಿಟ್ಟು ಕೂತೆ. ನೋಡುತ್ತಿದ್ದಂತೆಯೇ ಬರಿಯ ಚಿನ್ನದ ಅಂಚಿಗೆ ಬೂದು ಬಣ್ಣ ಹತ್ತಿತು. ಹತ್ತಿ, ದಪ್ಪವಾಗಿ, ಸುತ್ತ ಬಳೆಯಾಯಿತು. ಅದು ನಮ್ಮ ಒಲೆಯ ಇಂಗಾಲವಲ್ಲ. ಯಂತ್ರದೊಳಗೆ ಉಳಿದ ಎಣ್ಣೆಯ ಜಿಡ್ಡು ಕಿರಣ ಬಿದ್ದಲ್ಲಿ ಇಂಗಾಲವಾಗಿ ಕಟ್ಟಿಕೊಂಡಿತ್ತು.

ಗೈಡ್ ಅವರನ್ನು ಕರೆತಂದು ಅದನ್ನೇ ತೋರಿಸಿದೆ. ಅವರು ಪರದೆಗೆ ಮುಖ ಹತ್ತಿರ ತಂದು ಬಳೆಯನ್ನು ಮತ್ತೆ ಮತ್ತೆ ನೋಡಿದರು. ನನಗೆ ಅಯ್ಯೋ ಪಾಪ ಅನ್ನಿಸಿದ್ದು ನಿಜ.

"ಈ ವಿಷಯ ಇಲ್ಲಿಗೇ ಬಿಡು," ಎಂದರು ಕೊನೆಗೆ. "ಸೆಮಿನಾರ್‌ನಲ್ಲಿ ಎರಡೂ ಥರ ಆಗಬಹುದು ಅಂದ್ಬಿಡು. ಸಹಿ ನಾಳೇನೇ ಹಾಕ್ತೀನಿ."

ಪಾಪ ಅನ್ನಿಸಿದ್ದೆಲ್ಲ ಇಳಿದುಹೋಯಿತು. "ಅಡ್ಡಗೋಡೆ ಮೇಲೆ ದೀಪ ಇಡೋದು ನನಗೆ ಬರಲ್ಲ ಸರ್."

ಸೆಮಿನಾರ್‌ನಲ್ಲಿ ಅವರು ಮುಂದಿನ ಸಾಲಿನಲ್ಲೇ ಕೂತಿದ್ದರು. ಅತ್ತೆ ಹಟ ಹಿಡಿದು ಬಂದು ಹಿಂದಿನ ಸಾಲಿನಲ್ಲಿ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಒಲೆಯ ಒಂದೊಂದು ಕಾವಿಗೂ ಕುಲಾವಿ ಎಷ್ಟೆಷ್ಟು ಇಳಿಯುತ್ತದೆ ಎಂದು ತೋರಿಸಿದೆ. ಕೊನೆಗೆ ಒಂದೇ ಕಣದ ಎರಡು ಚಿತ್ರ, ಕಿರಣ ಬಿಟ್ಟು ಕೂರುವ ಮೊದಲಿನದು ಮತ್ತು ಆಮೇಲಿನದು, ಅಕ್ಕಪಕ್ಕ ಹಾಕಿದೆ.

"ಇದು ನಾವು ಮಾಡಿದ ಕಣ. ಇದು ನಾವು ನೋಡ್ತಾ ಕೂತಿದ್ದಕ್ಕೆ ಹೀಗಾದ ಕಣ."

ಗೈಡ್ ಎದ್ದು ಹೊರಟರು. ಸಭೆ ಪಿಸುಗುಟ್ಟಿತು. ಹೊರಗಿನಿಂದ ಬಂದಿದ್ದ ಹಿರಿಯ ಮೇಡಂ ಒಬ್ಬರು ಮಾತ್ರ ಕೈ ಎತ್ತಿ, "ಕಾವು ಇನ್ನೂ ಇಳಿಸಿದರೆ ಕುಲಾವಿ ಎಷ್ಟು ಚಿಕ್ಕದಾಗುತ್ತೆ?" ಎಂದು ಕೇಳಿದರು. ನನ್ನ ಕಣದ ಬಗ್ಗೆ ನನಗೆ ಬಂದ ಮೊದಲ ನಿಜವಾದ ಪ್ರಶ್ನೆ ಅದು. ಅತಿ ಕಡಿಮೆ ಕಾವಿನ ಚಿತ್ರವನ್ನು ಮತ್ತೆ ಹಾಕಿ ಉತ್ತರ ಹೇಳಿದೆ.

ಸಹಿ ಇನ್ನೂ ಬಿದ್ದಿಲ್ಲ. ಬಾಗಿಲ ಪಕ್ಕದ ಬಳೆಯ ಚಿತ್ರವೂ ಅಲ್ಲೇ ಇದೆ. ಸೆಮಿನಾರಿನ ಮರುದಿನ ಬೆಳಿಗ್ಗೆ ಎಲ್ಲರ ಎದುರೇ ಅದರ ಪಕ್ಕ ಮೊಳೆ ಹೊಡೆದು ನನ್ನ ಅರ್ಧ ಮುಚ್ಚಿದ ಚಿನ್ನವನ್ನು ತೂಗುಹಾಕಿದೆ. ಕಟ್ಟು ಹಾಕಿಸಿಕೊಟ್ಟವರು ಅತ್ತೆ. ಗೈಡ್ ದಿನಾ ಅದನ್ನು ದಾಟಿಯೇ ಒಳಗೆ ಹೋಗಬೇಕು. ಬೇಕಾದರೆ ಕಿತ್ತು ಬಿಸಾಡಲಿ. ನನ್ನ ಹತ್ತಿರ ಮೊಳೆಗೆ ಬರವಿಲ್ಲ.